ಸೀಳಿ ನೋಡಿ ಬರೆಯುವ ಅಣಬೆ

ಮೊಲದ ಕಥೆಗಳ ಚಿತ್ರಗಾರ್ತಿ ಬೀಟ್ರಿಕ್ಸ್ ಪಾಟರ್ ಅದಕ್ಕೂ ಮೊದಲು ಅಣಬೆಗಳನ್ನು ಬರೆಯುತ್ತಿದ್ದರು. 1892ರ ಶರತ್ಕಾಲದಲ್ಲಿ ಸ್ಕಾಟ್ಲೆಂಡಿನ ಪರ್ತ್‌ಶೈರ್‌ನಲ್ಲಿ ಅವರಿಗೆ ಚಾರ್ಲ್ಸ್ ಮ್ಯಾಕಿಂತೋಷ್ ಭೇಟಿಯಾದರು. ಹಿಂದೆ ಊರೂರಿಗೆ ಅಂಚೆ ಹಂಚುತ್ತಿದ್ದ ಈ ಅಣಬೆತಜ್ಞರ ಸಲಹೆ: ಹೊರರೂಪ ಸಾಲದು, ಸೀಳಿ ಒಳಭಾಗವನ್ನೂ ಬರೆಯಬೇಕು.

ಅಭ್ಯಾಸ ಬೋಧನೆಯಲ್ಲಿ ಈ ಕ್ರಮವನ್ನೇ ಅನುಸರಿಸಬಹುದು. ಕೊಡೆ ಬಿಚ್ಚಿದ ಅಣಬೆಯನ್ನು ಅಂಗಡಿಯಿಂದಲೇ ತನ್ನಿ (ಬಯಲಿನದು ವಿಷದ್ದಿರಬಹುದು). ಮಕ್ಕಳು ಮೊದಲು ಇಡಿಯಾಗಿ, ಆಮೇಲೆ ಉದ್ದಕ್ಕೆ ಸೀಳಿದ್ದನ್ನು ಬರೆಯಲಿ. ಭಾಗಗಳ ಹೆಸರು ನಂತರ ಹೇಳಿ. ಮೊದಲೇ ಹೇಳಿದರೆ ಮಕ್ಕಳು ಪಠ್ಯಪುಸ್ತಕದ ಚಿತ್ರವನ್ನೇ ನೆನೆದು ಬರೆಯುತ್ತಾರೆ. ಅಂಕ ಅಂದಕ್ಕಲ್ಲ. ಕೊಡೆಯಡಿಯ ಪದರಗಳು ಕಾಂಡಕ್ಕೆ ತಾಗಿವೆಯೋ ಇಲ್ಲವೋ, ಅದನ್ನು ಕಂಡು ಬರೆದ ಮಗುವಿಗೆ ಕೊಡಿ, ಗೆರೆ ಸೊಟ್ಟಗಿದ್ದರೂ.