ಅಂಗೈಯಲ್ಲೇ ತೋಟದ ಲೆಕ್ಕ

ಅಡಿಕೆಗೆ ಒಂದು ಸುತ್ತು ಬೋರ್ಡೋ ಬಿಡಲು ಎಷ್ಟು ಖರ್ಚಾಯ್ತು? ಮೈಲುತುತ್ತಿನ ಬಿಲ್ಲು ಸಿಕ್ಕೀತು. ಸುಣ್ಣ, ಸಂಬಳ, ಪೆಟ್ರೋಲು, ಮನೆಯವರ ದುಡಿಮೆ ಲೆಕ್ಕದಿಂದ ಜಾರಿಹೋಗುತ್ತವೆ. ಇವನ್ನು ಹಿಡಿದಿಡಲು ಮೊಬೈಲಿನ ಗೂಗಲ್ ಶೀಟ್ಸ್ ಧಾರಾಳ ಸಾಕು. ದುಡ್ಡು ಕೊಡಬೇಕಾಗಿಲ್ಲ.

ಮದ್ದು ಬಿಡುವುದು, ಕೊಯ್ಲು, ಗೊಬ್ಬರ – ಒಂದೊಂದಕ್ಕೂ ಬೇರೆ ಹಾಳೆ ಮಾಡಿ. ಐದೇ ಕಾಲಮ್: ತಾರೀಕು, ವಿವರ, ಪ್ರಮಾಣ, ರೂಪಾಯಿ, ಬಾಕಿ. 100 ಲೀಟರಿಗೆ ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ ಎಂಬುದು ಗೊತ್ತಿದ್ದದ್ದೇ. ಒಟ್ಟು ಎಷ್ಟು ಲೀಟರ್ ಹೋಯ್ತೆಂದು ಬರೆದಿಟ್ಟರೆ ಮುಂದಿನ ಸಲ ಎಷ್ಟು ತರಬೇಕೆಂದು ತಿಳಿಯುತ್ತದೆ. ರೂಪಾಯಿ ಕಾಲಮಿನ ಅಂಕಿಗಳನ್ನು ಆರಿಸಿದರೆ ಮೊತ್ತ ಕೆಳಗೆ ಕಾಣುತ್ತದೆ.

ತೋಟದಲ್ಲಿ ಸಿಗ್ನಲ್ ಇಲ್ಲವೇ? ಮನೆಯಲ್ಲಿದ್ದಾಗಲೇ ಆ ಫೈಲನ್ನು ‘ಆಫ್‌ಲೈನ್’ ಮಾಡಿಟ್ಟುಕೊಳ್ಳಿ. ಬರೆದದ್ದು ಫೋನಿನಲ್ಲಿ ಉಳಿದು, ಸಿಗ್ನಲ್ ಸಿಕ್ಕಾಗ ಗೂಗಲ್ ಖಾತೆ ಸೇರುತ್ತದೆ. ಆಮೇಲೆ ಫೋನು ತೋಡಿಗೆ ಬಿದ್ದರೂ ಲೆಕ್ಕ ಹೋಗದು. ಮನೆಯ ಇನ್ನೊಬ್ಬರ ಫೋನಿಗೂ ಹಂಚಿಡಿ.

ಬರೆಯುವುದು ಮಾತ್ರ ಅಂದಂದೇ ಆಗಬೇಕು. ನಾಳೆಗೆ ಬಿಟ್ಟರೆ ಲೆಕ್ಕ ಅಂದಾಜಾಗುತ್ತದೆ. ಕಿಲೋ ಅಡಿಕೆಗೆ ನಮಗೆ ಬಿದ್ದ ಖರ್ಚೇ ಗೊತ್ತಿಲ್ಲದಿದ್ದರೆ, ವ್ಯಾಪಾರಿ ಹೇಳಿದ ದರ ಲಾಭವೋ ನಷ್ಟವೋ ಎಂದು ಹೇಳುವುದಾದರೂ ಹೇಗೆ?