ಕುಮಾರೀ ಪೂಜೆಯೂ ಮನೆಯ ಹೆಣ್ಣುಮಕ್ಕಳೂ

ಶರನ್ನವರಾತ್ರಿಯ ಅಷ್ಟಮಿಯಂದು ಬೆಳಗಾಗುತ್ತಲೇ ದೆಹಲಿಯ ಬಡಾವಣೆಗಳಲ್ಲಿ ಒಂದು ವಿಶೇಷ ಸಂಭ್ರಮ ತೋರುತ್ತದೆ. ಮಿಂದು ಮಡಿಯುಟ್ಟ ಪುಟ್ಟ ಬಾಲಕಿಯರು ಗುಂಪುಗೂಡಿ ಮನೆಯಿಂದ ಮನೆಗೆ ನಡೆಯುತ್ತಾರೆ. ಪ್ರತಿ ಮನೆಯ ಗೃಹಿಣಿಯೂ ಅವರ ಪಾದಗಳನ್ನು ತೊಳೆದು, ಹಣೆಗೆ ತಿಲಕವಿಟ್ಟು, ಮುಂಗೈಗೆ ಕೆಂಪು ದಾರ ಕಟ್ಟಿ, ತಲೆಗೆ ಕೆಂಪು ಚುನ್ನಿ ಹೊದಿಸಿ, ಪೂರಿ, ಹಲ್ವ, ಕಪ್ಪುಕಡಲೆಗಳ ಪ್ರಸಾದವನ್ನೂ ದಕ್ಷಿಣೆಯನ್ನೂ ಕೊಟ್ಟು ನಮಸ್ಕರಿಸುತ್ತಾಳೆ. ಕೆಲವರು ಇದನ್ನೇ ನವಮಿಯಂದು ಆಚರಿಸುವರು. ಪಂಜಾಬಿ ಮನೆಗಳಲ್ಲಿ ಇದರ ಹೆಸರು ಕಂಜಕ್. ಕನ್ಯಕಾ ಎಂಬ ಶಬ್ದದ ಛಾಯೆ ಅದರಲ್ಲಿ ಸ್ಪಷ್ಟವಾಗಿದೆ.

ಕರೋಲ್‌ಬಾಗಿನಲ್ಲಾಗಲಿ, ರಾಮಕೃಷ್ಣಪುರದಲ್ಲಾಗಲಿ, ಜನಕಪುರಿ, ಮಯೂರ ವಿಹಾರ, ನೊಯ್ಡಾ, ಗುರುಗ್ರಾಮಗಳಲ್ಲಾಗಲಿ ನೆಲೆಸಿರುವ ಕನ್ನಡಿಗರ ಹೆಣ್ಣುಮಕ್ಕಳಿಗೆ ಈ ದಿನ ಎರಡು ಹಬ್ಬ. ಬೆಳಿಗ್ಗೆ ನೆರೆಮನೆಯವರ ಕರೆಗೆ ಓಗೊಟ್ಟು ಅವರು ದೇವಿಯರಾಗಿ ಮಣೆಯ ಮೇಲೆ ಕೂರುತ್ತಾರೆ. ಸಂಜೆ ತಮ್ಮ ಮನೆಯಲ್ಲಿ ಲಂಗ ತೊಟ್ಟು, ಗೊಂಬೆಗಳ ಮುಂದೆ ಆರತಿಯ ತಟ್ಟೆ ಹಿಡಿದು ನಿಲ್ಲುತ್ತಾರೆ. ಬೆಳಿಗ್ಗೆ ಪೂಜೆಗೊಂಡವಳು ಸಂಜೆಗೆ ಪೂಜೆ ಮಾಡುವವಳಾಗುತ್ತಾಳೆ. ಈ ಎರಡು ಆಚಾರಗಳ ತಾತ್ಪರ್ಯವೇನು, ಹೆಣ್ಣುಮಕ್ಕಳನ್ನು ಬೆಳೆಸುವ ತಾಯಿತಂದೆಯರಿಗೆ ಅವುಗಳಿಂದ ದೊರೆಯುವ ಪಾಠವೇನು ಎಂಬುದು ಇಲ್ಲಿ ವಿಚಾರಣೀಯವಾದ ವಿಷಯ.

ಪುರಾಣದ ಮಾತು

ಕುಮಾರೀ ಪೂಜೆಯು ಕೇವಲ ಉತ್ತರದೇಶದ ರೂಢಿಯಲ್ಲ. ದೇವೀಭಾಗವತದ ತೃತೀಯ ಸ್ಕಂಧದಲ್ಲಿ ನವರಾತ್ರಿ ವ್ರತವನ್ನು ಜನಮೇಜಯನಿಗೆ ವಿವರಿಸುವಾಗ ವ್ಯಾಸರು ಇದರ ಕ್ರಮವನ್ನು ಹೇಳಿದ್ದಾರೆ. ಎರಡು ವರ್ಷದ ಮಗುವಿಗೆ ಕುಮಾರಿಕೆಯೆಂದು ಹೆಸರು. ಮೂರು ವರ್ಷದವಳು ತ್ರಿಮೂರ್ತಿ, ನಾಲ್ಕರವಳು ಕಲ್ಯಾಣಿ, ಐದರವಳು ರೋಹಿಣಿ, ಆರರವಳು ಕಾಳಿಕೆ, ಏಳರವಳು ಚಂಡಿಕೆ, ಎಂಟರವಳು ಶಾಂಭವಿ, ಒಂಬತ್ತರವಳು ದುರ್ಗೆ, ಹತ್ತರವಳು ಸುಭದ್ರೆ. ಒಂದು ವರ್ಷದ ಶಿಶುವು ಗಂಧ, ಭಕ್ಷ್ಯ ಮೊದಲಾದ ಉಪಚಾರಗಳ ಸವಿಯನ್ನು ಅರಿಯದಾದ್ದರಿಂದ ಅದನ್ನು ಪೂಜೆಗೆ ಕೂರಿಸಬಾರದೆಂದಿದೆ.

ಈ ಕಾರಣವು ಮನನಯೋಗ್ಯವಾದುದು. ಪೂಜೆಗೊಳ್ಳುವವಳು ಕಲ್ಲಿನ ಮೂರ್ತಿಯಂತೆ ಸುಮ್ಮನೆ ಕುಳಿತಿರಬೇಕಾದವಳಲ್ಲ. ಕೊಟ್ಟದ್ದನ್ನು ಅವಳು ಸವಿಯಬೇಕು, ಸಂತೋಷಪಡಬೇಕು. ಬಾಲಕಿಯ ಸಂತೋಷವೇ ಈ ಪೂಜೆಯ ಫಲಕ್ಕೆ ದ್ವಾರ. ಪ್ರತಿಯೊಂದು ವಯಸ್ಸಿಗೂ ಬೇರೆ ಬೇರೆ ನಾಮವಿರುವುದೂ ಅರ್ಥಪೂರ್ಣವೇ. ನಾಲ್ಕು ವರ್ಷದ ಕಲ್ಯಾಣಿಯನ್ನು ನಡೆಸಿಕೊಂಡಂತೆ ಎಂಟು ವರ್ಷದ ಶಾಂಭವಿಯನ್ನು ನಡೆಸಿಕೊಳ್ಳಲಾಗದು. ಮಗಳು ವರ್ಷವರ್ಷಕ್ಕೂ ಹೊಸಬಳಾಗುತ್ತಾಳೆ. ಅದನ್ನು ಗುರುತಿಸಬಲ್ಲ ಕಣ್ಣು ತಾಯಿತಂದೆಯರಿಗೆ ಇರಬೇಕೆಂಬುದು ಇದರ ಸೂಚನೆ.

ಗೊಂಬೆಯ ಮೆಟ್ಟಿಲು

ಕನ್ನಡನಾಡಿನ ನವರಾತ್ರಿಯಲ್ಲಿ ಹೆಣ್ಣುಮಗುವಿಗೆ ಬೇರೊಂದು ಬಗೆಯ ಸ್ಥಾನವಿದೆ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ದಸರಾ ಮಹೋತ್ಸವವು ಅರಮನೆಯ ದರ್ಬಾರಿನ ವೈಭವವಾದರೆ, ಗೊಂಬೆಯ ಹಬ್ಬವು ಹಳೆಯ ಮೈಸೂರಿನ ಮನೆಮನೆಯ ಪುಟ್ಟ ದರ್ಬಾರು. ಅದರ ಕೇಂದ್ರದಲ್ಲಿ ರಾಜ, ರಾಣಿಯರ ಪಟ್ಟದ ಗೊಂಬೆ. ಮಗಳಿಗೆ ಮದುವೆಯಾದಾಗ ತವರಿನವರು ಈ ಜೋಡಿಯನ್ನು ಕೊಟ್ಟು ಕಳುಹಿಸುವ ಪದ್ಧತಿಯುಂಟು. ದೆಹಲಿಯ ಎಷ್ಟೋ ಮನೆಗಳಿಗೆ ಪಟ್ಟದ ಗೊಂಬೆಗಳು ಹೀಗೆಯೇ, ಹಳೆಯ ಸೀರೆಯ ಮಡಿಕೆಯೊಳಗೆ, ಟ್ರಂಕಿನಲ್ಲಿ ರೈಲು ಪ್ರಯಾಣ ಮಾಡಿ ಬಂದಿವೆ. ಆ ಟ್ರಂಕುಗಳೇ ನವರಾತ್ರಿಯಲ್ಲಿ ಮಂಚ, ಮೇಜುಗಳೊಡನೆ ಸೇರಿ ಮೆಟ್ಟಿಲುಗಳಾಗುತ್ತವೆ. ಧಾರವಾಡ, ಬೆಳಗಾವಿಗಳ ಕಡೆಯಿಂದ ಬಂದ ಮನೆಗಳಲ್ಲಿ ಘಟ್ಟ ಹಾಕಿ, ಮಣ್ಣಿನಲ್ಲಿ ಧಾನ್ಯ ಬಿತ್ತಿ, ದೀಪವು ನಂದದಂತೆ ಕಾಯುವರು. ನೆರೆಯ ಪಂಜಾಬಿ ಮನೆಯಲ್ಲೂ ಬಾರ್ಲಿಯ ಸಸಿ ಹಸುರಾಗಿ ಮೇಲೇಳುತ್ತಿರುತ್ತದೆ.

ಗೊಂಬೆ ಜೋಡಿಸುವ ಕೆಲಸ ಮನೆಯ ಹೆಣ್ಣುಮಕ್ಕಳದು. ದಶಾವತಾರದ ಕ್ರಮ, ರಾಮನ ಪಟ್ಟಾಭಿಷೇಕದಲ್ಲಿ ಯಾರು ಎಲ್ಲಿ ನಿಲ್ಲಬೇಕೆಂಬುದು, ಚನ್ನಪಟ್ಟಣದ ಬಣ್ಣದ ಗೊಂಬೆಗೂ ಕಿನ್ನಾಳದ ಗೊಂಬೆಗೂ ಇರುವ ವ್ಯತ್ಯಾಸ, ಇವೆಲ್ಲವನ್ನೂ ಅವರು ಕೈಯಿಂದಲೇ ಕಲಿಯುತ್ತಾರೆ. ಶಾಲೆಯಲ್ಲಿ ಹಿಂದಿ, ಇಂಗ್ಲಿಷ್‌ಗಳಲ್ಲಿಯೇ ಮಾತನಾಡುವ ಬಾಲಕಿಯು ವರ್ಷದಲ್ಲಿ ಹೆಚ್ಚು ಕನ್ನಡದ ಕಥೆಗಳನ್ನು ಕೇಳುವುದು ಪ್ರಾಯಶಃ ಈ ಮೆಟ್ಟಿಲುಗಳ ಮುಂದೆಯೇ. ಗೊಂಬೆ ಬಾಗಿನಕ್ಕಾಗಿ ಬರುವ ನೆರೆಹೊರೆಯ ಮಕ್ಕಳಿಗೆ ಮಹಿಷಾಸುರನ ಕಥೆಯನ್ನು ಹಿಂದಿಯಲ್ಲಿ ಅವಳೇ ಹೇಳುತ್ತಾಳೆ. ಹೀಗೆ ತಾಯಿಯಿಂದ ಕನ್ನಡದಲ್ಲಿ ಪಡೆದದ್ದನ್ನು ಮತ್ತೊಂದು ನುಡಿಯಲ್ಲಿ ಹಂಚುವವಳೇ ಆ ಮನೆಯ ಸಂಸ್ಕೃತಿಯ ವಾರಸುದಾರಳು.

ಪೂಜೆಯ ಎದುರಿನ ಕನ್ನಡಿ

ಇಷ್ಟೆಲ್ಲ ಪೂಜೆ ಸಲ್ಲುವ ನಾಡಿನಲ್ಲಿ ಹೆಣ್ಣುಮಗುವಿನ ಸ್ಥಿತಿ ಹೇಗಿದೆ? 2011ರ ಜನಗಣತಿಯ ಪ್ರಕಾರ ಆರು ವರ್ಷದವರೆಗಿನ ಮಕ್ಕಳಲ್ಲಿ ಸಾವಿರ ಗಂಡುಮಕ್ಕಳಿಗೆ ದೆಹಲಿಯಲ್ಲಿ ಹೆಣ್ಣುಮಕ್ಕಳ ಸಂಖ್ಯೆ 871. ನೆರೆಯ ಹರಿಯಾಣದಲ್ಲಿ 834. ಅಷ್ಟಮಿಯಂದು ಒಂಬತ್ತು ಬಾಲಕಿಯರನ್ನು ಕೂಡಿಸಲು ಗೃಹಿಣಿಯರು ಬೀದಿಬೀದಿ ಅರಸುವ ಪ್ರಸಂಗಕ್ಕೆ ಇಂಥ ಕೊರತೆಯೂ ಒಂದು ಕಾರಣವೆಂದರೆ ತಪ್ಪಾಗದು. ದೇವಿಯನ್ನು ಆವಾಹಿಸಲು ಬಾಲಕಿ ಬೇಕು, ಆದರೆ ತಮ್ಮ ಮನೆಯಲ್ಲಿ ಅವಳು ಹುಟ್ಟಬಾರದು ಎಂಬ ಈ ವೈಪರೀತ್ಯವು ಭಕ್ತಿಯ ಬುಡವನ್ನೇ ಕಡಿಯುವಂಥದು.

ಅದೇ ಗಣತಿಯಲ್ಲಿ ಕರ್ನಾಟಕದ ಸಂಖ್ಯೆ 948 ಎಂದು ಕನ್ನಡಿಗರು ಹೆಮ್ಮೆಪಡುವಂತಿಲ್ಲ. ಭ್ರೂಣದ ಲಿಂಗ ಪತ್ತೆಯನ್ನು ನಿಷೇಧಿಸುವ ಕಾನೂನು 1994ರಲ್ಲಿಯೇ ಆಗಿದ್ದರೂ, ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಗುಟ್ಟಾಗಿ ಆ ಪರೀಕ್ಷೆ ನಡೆಯುತ್ತಿದ್ದ ಸಂಗತಿ 2023ರಲ್ಲಿ ಬಯಲಾಯಿತು. ಕಬ್ಬಿನ ಹಾಲು ಕುದಿದು ಬೆಲ್ಲವಾಗುವ ತಾಣದಲ್ಲಿ ಇಂಥ ಕಹಿ! ಎರಡನೆಯ ಹೆಣ್ಣುಮಗು ಹುಟ್ಟಿದಾಗ ಊರಿನಿಂದ ಬರುವ ದೂರವಾಣಿಯ ಕರೆಯಲ್ಲಿ ‘ಇದೂ ಹೆಣ್ಣೇನಮ್ಮಾ?’ ಎಂಬ ನಿಟ್ಟುಸಿರನ್ನು ಕೇಳದ ಮನೆಗಳು ದೆಹಲಿಯ ಕನ್ನಡಿಗರಲ್ಲಿಯೂ ವಿರಳ. ಆ ನಿಟ್ಟುಸಿರು ತೊಟ್ಟಿಲಲ್ಲಿರುವ ಮಗುವಿಗೆ ತಿಳಿಯದಿದ್ದರೂ ಪಕ್ಕದಲ್ಲಿ ನಿಂತಿರುವ ಮೊದಲ ಮಗಳಿಗೆ ತಿಳಿಯುತ್ತದೆ.

ಇದಕ್ಕೆ ಉತ್ತರವನ್ನು ಕನ್ನಡದ ಕವಯಿತ್ರಿಯೊಬ್ಬಳು ಮುನ್ನೂರು ವರ್ಷಗಳ ಹಿಂದೆಯೇ ಕೊಟ್ಟಿದ್ದಾಳೆ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ರಾಣಿಯ ಎಲೆಯಡಿಕೆಯ ಸಂಚಿ ಹಿಡಿಯುವ ಸೇವೆಯಲ್ಲಿದ್ದ ಹೊನ್ನಮ್ಮ, ಸಾಂಗತ್ಯದಲ್ಲಿ ‘ಹದಿಬದೆಯ ಧರ್ಮ’ವನ್ನು ರಚಿಸಿದಳು. ಆ ಗ್ರಂಥ ಪತಿವ್ರತಾಧರ್ಮವನ್ನೇ ಬೋಧಿಸುವಂಥದು. ಆದರೂ ಹೆಣ್ಣೆಂದು ಹಳಿಯುವವರನ್ನು ಅವಳು ಸುಮ್ಮನೆ ಬಿಡಲಿಲ್ಲ. ಹಾಗೆ ಹಳಿಯುವವರನ್ನು ಹೆತ್ತು ಸಾಕಿದವಳೂ ಹೆಣ್ಣೇ ಅಲ್ಲವೆ ಎಂದು ಕೇಳಿದಳು. ಮಗನಾದ ಮಾತ್ರಕ್ಕೆ ಹೆಚ್ಚೂ ಅಲ್ಲ, ಮಗಳಾದ ಮಾತ್ರಕ್ಕೆ ಕೊರತೆಯೂ ಅಲ್ಲ ಎಂಬ ಅಭಿಪ್ರಾಯವನ್ನು ನಿಸ್ಸಂದಿಗ್ಧವಾಗಿ ಸಾರಿದಳು. ಸಂಪ್ರದಾಯದ ಒಳಗೇ ನಿಂತು ಆಡಿದ ಮಾತಾದ್ದರಿಂದ ಅದಕ್ಕೆ ವಿಶೇಷ ಬಲವಿದೆ.

ಆಯುಧವೂ ಆಭರಣವೂ

ಮಾರ್ಕಂಡೇಯ ಪುರಾಣದಲ್ಲಿ ಅಂತರ್ಗತವಾದ ದೇವೀಮಾಹಾತ್ಮ್ಯವು ನವರಾತ್ರಿಯಲ್ಲಿ ಪಾರಾಯಣಗೊಳ್ಳುವ ಗ್ರಂಥ. ಅದರ ಎರಡನೆಯ ಅಧ್ಯಾಯದಲ್ಲಿ ಸಕಲ ದೇವತೆಗಳ ತೇಜಸ್ಸು ಒಂದುಗೂಡಿ ದೇವಿಯ ರೂಪ ತಾಳುತ್ತದೆ. ಹುಟ್ಟಿದ ಆ ಕುಮಾರಿಗೆ ದೇವತೆಗಳು ಉಡುಗೊರೆ ಕೊಡುತ್ತಾರೆ. ಶಿವನು ತ್ರಿಶೂಲವನ್ನು, ವಿಷ್ಣು ಚಕ್ರವನ್ನು, ವಾಯು ಬಿಲ್ಲುಬಾಣಗಳನ್ನು, ಇಂದ್ರನು ವಜ್ರಾಯುಧವನ್ನು ಕೊಟ್ಟ ಬಳಿಕವೇ ಕ್ಷೀರಸಮುದ್ರರಾಜನು ಹಾರ, ಕುಂಡಲ, ಬಳೆ, ಕಾಲಂದುಗೆಗಳನ್ನು ಕೊಡುತ್ತಾನೆ. ಹಿಮವಂತನಿಂದ ಸಿಂಹ ಬರುತ್ತದೆ. ಆಭರಣಗಳಿಗೆ ಇಲ್ಲಿ ನಿಷೇಧವಿಲ್ಲ. ಆದರೆ ಆಭರಣವೊಂದೇ ಸಾಲದು.

ಮಗಳು ಹುಟ್ಟಿದಂದಿನಿಂದ ಚಿನ್ನ ಕೂಡಿಸುವ ತಾಯಿತಂದೆಯರು ಈ ಕ್ರಮವನ್ನು ಗಮನಿಸಬೇಕು. ಈ ಕಾಲದ ಆಯುಧಗಳು ಯಾವುವು? ವಿದ್ಯೆ, ಸ್ವಂತ ಸಂಪಾದನೆಯ ಸಾಮರ್ಥ್ಯ, ಮಹಾನಗರದಲ್ಲಿ ಒಬ್ಬಳೇ ಬಸ್ಸು, ಮೆಟ್ರೋಗಳಲ್ಲಿ ಓಡಾಡುವ ಧೈರ್ಯ, ಬೇಡವೆನಿಸಿದ್ದಕ್ಕೆ ಬೇಡವೆನ್ನುವ ದೃಢತೆ. 1881ರಲ್ಲಿ ಮೈಸೂರಿನಲ್ಲಿ ಹೆಣ್ಣುಮಕ್ಕಳಿಗಾಗಿ ಮಹಾರಾಣಿಯವರ ಪಾಠಶಾಲೆ ತೆರೆದಾಗ ಹಿರಿಯರು ಕೊಡಮಾಡಿದ್ದೂ ಇಂಥ ಆಯುಧವನ್ನೇ. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ದೊರೆತಿದೆ. ಬಾಗಿನ ಕೊಟ್ಟು ಭಾಗ ತಪ್ಪಿಸುವುದು ಕಾನೂನಿಗೂ ಸಲ್ಲದು, ಧರ್ಮಕ್ಕೂ ಸಲ್ಲದು.

ಐದನೆಯ ಅಧ್ಯಾಯದ ಮತ್ತೊಂದು ಪ್ರಸಂಗವೂ ಸ್ಮರಣೀಯ. ತನ್ನನ್ನು ವರಿಸೆಂದು ಶುಂಭಾಸುರನು ದೂತನ ಮೂಲಕ ಹೇಳಿಕಳುಹಿಸಿದಾಗ, ಯುದ್ಧದಲ್ಲಿ ತನ್ನನ್ನು ಗೆದ್ದವನನ್ನೇ ವರಿಸುವೆನೆಂಬ ಪ್ರತಿಜ್ಞೆ ತನಗಿದೆಯೆಂದು ದೇವಿ ಮುಗುಳ್ನಗುತ್ತ ಉತ್ತರಿಸುತ್ತಾಳೆ. ಬಂದ ಸಂಬಂಧದ ಐಶ್ವರ್ಯಕ್ಕೆ ಅವಳು ಮರುಳಾಗುವುದಿಲ್ಲ. ಮಗಳ ಮದುವೆಯ ಮಾತುಕತೆಯಲ್ಲಿ ಮಗಳ ಮಾತಿಗೇ ಎಡೆಯಿಲ್ಲದ ಮನೆಯವರು ಈ ಅಧ್ಯಾಯವನ್ನು ಕೇವಲ ಪಾರಾಯಣ ಮಾಡದೆ ಅದರ ಅರ್ಥವನ್ನೂ ಅರಿಯುವುದು ಒಳಿತು.

ಹನ್ನೊಂದನೆಯ ವರ್ಷದ ಪ್ರಶ್ನೆ

ಕನ್ಯಾಪೂಜೆಗೆ ಹತ್ತು ವರ್ಷದ ಮಿತಿ ಪುರಾಣದಲ್ಲಿಯೇ ಇದೆ. ಆದ್ದರಿಂದ ಪ್ರತಿಯೊಬ್ಬ ಬಾಲಕಿಯ ಬಾಳಿನಲ್ಲೂ ಕರೆ ಬಾರದ ಒಂದು ಅಷ್ಟಮಿ ಬರುತ್ತದೆ. ತಂಗಿಯು ತಟ್ಟೆ ಹಿಡಿದು ಹೊರಟಾಗ ಅಕ್ಕನು ಬಾಗಿಲಲ್ಲೇ ನಿಂತು, ‘ಅಮ್ಮಾ, ಹೋದ ವರ್ಷ ನಾನು ದೇವಿಯಾಗಿದ್ದೆನಲ್ಲ, ಈ ವರ್ಷ ಏಕಲ್ಲ?’ ಎಂದು ಕೇಳುವಳು. ‘ನೀನೀಗ ದೊಡ್ಡವಳಾದೆ’ ಎಂದಷ್ಟೇ ಹೇಳಿ ಸುಮ್ಮನಾಗುವ ತಾಯಂದಿರೇ ಹೆಚ್ಚು. ಆ ಉತ್ತರದಿಂದ ಮಗುವು ಗ್ರಹಿಸುವುದು, ಬೆಳೆಯುವುದೆಂದರೆ ಏನನ್ನೋ ಕಳೆದುಕೊಳ್ಳುವುದು ಎಂದು. ಮುಂದೆ ಕೆಲವೇ ದಿನಗಳಲ್ಲಿ ದೇಹದಲ್ಲಿ ಬದಲಾವಣೆಗಳಾದಾಗ, ದೇವರ ಮನೆಯಿಂದ ದೂರವಿರೆಂಬ ಮಾತೂ ಸೇರಿಕೊಂಡರೆ ಆ ಗ್ರಹಿಕೆ ಗಟ್ಟಿಯಾಗುತ್ತದೆ. ನಿನ್ನೆ ಪಾದ ತೊಳೆಸಿಕೊಂಡವಳಿಗೆ ಇಂದು ತಾನೇ ಮೈಲಿಗೆಯೆಂದು ತೋರಿದರೆ ಅವಳ ಶ್ರದ್ಧೆ ಉಳಿಯುವುದಾದರೂ ಹೇಗೆ?

ಇಲ್ಲಿ ಗೊಂಬೆಯ ಹಬ್ಬವು ತಾಯಿಯ ನೆರವಿಗೆ ಬರುತ್ತದೆ. ಅದಕ್ಕೆ ವಯಸ್ಸಿನ ಮಿತಿಯಿಲ್ಲ. ‘ದೇವಿಯ ಹೆಸರಿನಿಂದ ಕರೆಸಿಕೊಳ್ಳುವ ವಯಸ್ಸು ಮುಗಿದಿರಬಹುದು ಮಗಳೇ, ದೇವಿಯ ಕೆಲಸ ಮಾಡುವ ವಯಸ್ಸು ಈಗ ಬಂದಿದೆ. ಈ ವರ್ಷ ಪಟ್ಟದ ಗೊಂಬೆಗಳನ್ನು ಕೂರಿಸುವವಳು ನೀನೇ’ ಎಂದು ತಾಯಿ ಹೇಳಬಹುದು. ಹಾಗೆ ಹೇಳಿ ಅದನ್ನು ಅವಳ ಕೈಗೆ ಕೊಟ್ಟೂ ಬಿಡಬೇಕು. ಗೊಂಬೆಯ ಕಿರೀಟ ತುಸು ಓರೆಯಾದರೆ ಆಗಲಿ. ತಂಗಿ, ತಮ್ಮಂದಿರಿಗೆ ಪಾಠ ಹೇಳುವ ಹೊಣೆಯನ್ನು ಸರಸ್ವತೀ ಪೂಜೆಯಂದು ಅವಳಿಗೆ ವಹಿಸಬಹುದು. ತಂದೆಯೂ ದೂರ ನಿಲ್ಲಬಾರದು. ಮಗಳ ಜೊತೆಗೆ ಮಗನೂ ಕೋಸಂಬರಿಗೆ ಬೇಳೆ ನೆನೆಹಾಕಲಿ, ಎಲೆ ತೆಗೆಯಲಿ. ಕಂಜಕ್ ಆಚಾರದಲ್ಲಿ ಬಾಲಕಿಯರ ಸಂಗಡ ಒಬ್ಬ ಬಾಲಕನನ್ನೂ ಭೈರವನ ಸ್ವರೂಪವೆಂದು ಕೂರಿಸುವುದುಂಟು. ದೇವಿಯರನ್ನು ಕಾಯುವುದು, ಗೌರವಿಸುವುದು ಅವನ ಕರ್ತವ್ಯವೆಂಬ ಪಾಠವನ್ನು ಅಂದೇ ಅವನಿಗೆ ಕಲಿಸಬೇಕು.

ನವರಾತ್ರಿ ಮುಗಿದು ಗೊಂಬೆಗಳು ಮತ್ತೆ ಟ್ರಂಕು ಸೇರುತ್ತವೆ. ಮುಂಗೈಯ ಕೆಂಪು ದಾರ ಕೆಲವು ದಿನಗಳಲ್ಲಿ ಮಾಸಿ ಉದುರುತ್ತದೆ. ಮನೆಯ ಮಗಳು ಮಾತ್ರ ವರ್ಷವಿಡೀ ಕಣ್ಣೆದುರಿನಲ್ಲಿಯೇ ಇರುತ್ತಾಳೆ. ಶಾಲೆಯಿಂದ ದಣಿದು ಬಂದ ಅವಳ ಮಾತನ್ನು ಹತ್ತು ನಿಮಿಷ ಮನವಿಟ್ಟು ಕೇಳಿದರೆ ಅದೇ ಉಪಚಾರ. ಅವಳ ಬಯಕೆಯನ್ನು ನಗೆಗೀಡುಮಾಡದಿದ್ದರೆ ಅದೇ ಅರ್ಚನೆ. ಅಷ್ಟಮಿಯಂದು ಮಾಡಿದ ನಮಸ್ಕಾರ ದಿಟವೋ ತೋರಿಕೆಯೋ ಎಂಬುದು ನಿಶ್ಚಯವಾಗುವುದು ದಶಮಿಯ ಮರುದಿನದಿಂದ. ಯಮುನೆಯ ತೀರದ ಈ ಮಹಾನಗರದಲ್ಲಿ ಬೆಳೆಯುತ್ತಿರುವ ಕನ್ನಡದ ಕಲ್ಯಾಣಿಯರನ್ನೂ ಶಾಂಭವಿಯರನ್ನೂ ತಾಯಿ ಚಾಮುಂಡೇಶ್ವರಿಯು ವಿದ್ಯೆ, ಧೈರ್ಯ, ಆಯುರಾರೋಗ್ಯಗಳಿತ್ತು ಸಲಹಲಿ. ಅವರನ್ನು ಬೆಳೆಸುವ ಕೈಗಳಿಗೆ ವಿವೇಕವನ್ನು ಕರುಣಿಸಲಿ.