ಆ ಬೂತಾಯಿ ಎಸೆಯಬಾರದಿತ್ತು

ಅಳಿಯಾ, ಮೊನ್ನೆ ದೋಣಿಯಲ್ಲಿ ನಿನ್ನ ಗೆಳೆಯರ ಎದುರು ನಾನು ಬಾಯಿ ಬಿಡಲಿಲ್ಲ. ಬೆಳೆದ ಮಕ್ಕಳನ್ನು ನಾಲ್ಕು ಜನರ ಮುಂದೆ ತಿದ್ದಬಾರದು ಅಂತ ನಿನ್ನ ಅಜ್ಜಿ ಹೇಳುತ್ತಿದ್ದರು. ಆದರೆ ಡಾಲ್ಫಿನ್ ತಲೆ ಎತ್ತಿದ ಕೂಡಲೇ ನೀನು ಬಕೆಟ್ಟಿಗೆ ಕೈ ಹಾಕಿ, ಎರೆಗೆಂದು ತಂದ ಬೂತಾಯಿಯಲ್ಲಿ ಒಂದನ್ನು ಎಸೆದೆ. ಅದು ಬಾಯಿ ತೆರೆದು ಹಿಡಿಯಿತು, ಎಲ್ಲರೂ ಕೇಕೆ ಹಾಕಿದಿರಿ. ಅರ್ಧ ಗಂಟೆ ಕಳೆಯಿತೋ ಇಲ್ಲವೋ, ನಿನ್ನ ಗಾಳಕ್ಕೆ ಬಿದ್ದ ಟ್ರೌಟ್ ಮೇಲೆ ಬರುವಾಗ ಬರೀ ತಲೆ ಉಳಿದಿತ್ತು. ಆಗ ಅದೇ ಡಾಲ್ಫಿನ್ನಿಗೆ ನೀನು ಬಾಯಿಗೆ ಬಂದಂತೆ ಬೈದೆ. ಎರಡೂ ಒಂದೇ ಲೆಕ್ಕದ ಜಮಾ-ಖರ್ಚು ಮಾರಾಯ, ನಿನಗೆ ಹೊಳೆಯಲಿಲ್ಲ ಅಷ್ಟೆ.

ನಿನ್ನನ್ನು ಬೈಯುವ ಯೋಗ್ಯತೆ ನನಗೂ ಇಲ್ಲ. ಮಲ್ಪೆ ಬಿಟ್ಟು ಈ ಫ್ಲೋರಿಡಾಕ್ಕೆ ಬಂದ ಹೊಸತರಲ್ಲಿ ನಾನೂ ಎಸೆದವನೇ. ಊರಿನಲ್ಲಿ ದೂರದಿಂದ ಬೆನ್ನು ಮಾತ್ರ ಕಂಡಿದ್ದ ಪ್ರಾಣಿ ಇಲ್ಲಿ ಕೈಯಳತೆಗೆ ಬಂದು ನಿಂತಾಗ ಮನಸ್ಸು ತಡೆಯಲಿಲ್ಲ. ಆಗುಂಬೆ ಘಾಟಿಯಲ್ಲಿ ಕಾರು ನಿಲ್ಲಿಸಿ ಮಂಗಗಳಿಗೆ ಬಾಳೆಹಣ್ಣು ಕೊಡುವವರಿಗೂ ಹೀಗೇ ಅನಿಸುತ್ತದೆ. ಮಂಗ ಕಾಡು ಮರೆತು ರಸ್ತೆಗೆ ಬರುತ್ತದೆ. ಮುಂದಿನ ತಿರುವಿನಲ್ಲಿ ಬಸ್ಸಿನಡಿಗೆ ಬಿದ್ದರೆ, ಹಣ್ಣು ಕೊಟ್ಟವನು ಅಷ್ಟರಲ್ಲಿ ತೀರ್ಥಹಳ್ಳಿ ದಾಟಿರುತ್ತಾನೆ.

ಡಾಲ್ಫಿನ್ನಿಗೂ ಅದೇ ಗತಿ. ಇಲ್ಲೇ ಸರಸೋಟಾದ ದಕ್ಷಿಣಕ್ಕೆ, ದೋಣಿಗಳು ಓಡಾಡುವ ಒಳಜಲಮಾರ್ಗದಲ್ಲಿ ಒಂದು ಗಂಡು ಡಾಲ್ಫಿನ್ ಇತ್ತು. ಜನ ಅದನ್ನು ಕರೆಯುತ್ತಿದ್ದದ್ದು ‘ಬೆಗ್ಗರ್’ ಅಂತ. ಭಿಕ್ಷುಕ! ಬೇಡುವುದನ್ನು ಕಲಿಸಿದ್ದೂ ನಾವೇ, ಆ ಹೆಸರಿಟ್ಟದ್ದೂ ನಾವೇ. 2011ರಲ್ಲಿ ಮೋಟ್ ಸಾಗರ ಪ್ರಯೋಗಾಲಯದವರು ನೂರು ಗಂಟೆ ಕೂತು ಅದನ್ನು ಗಮನಿಸಿದರು. ಅಷ್ಟರೊಳಗೆ ಮನುಷ್ಯರ ಜೊತೆ ಅದರ ಒಡನಾಟ ಸುಮಾರು 3,600 ಸಲ. ತಿನ್ನಿಸಲು ನೋಡಿದ್ದು 169 ಸಲ, ಮುಟ್ಟಲು ಹೋದದ್ದು 121 ಸಲ, ಅದು ಕಚ್ಚಿದ್ದು ಒಂಬತ್ತು ಸಲ. ಕೊಟ್ಟದ್ದು ಮೀನು, ಸಿಗಡಿ ಮಾತ್ರವಲ್ಲ, ಹಾಟ್‌ಡಾಗ್, ಬಿಯರ್ ಕೂಡ. 2012ರ ಸೆಪ್ಟೆಂಬರಿನಲ್ಲಿ ಅದರ ಹೆಣ ತೇಲಿತು. ಸೀಳಿ ನೋಡಿದರೆ ಮುರಿದ ಪಕ್ಕೆಲುಬು, ಗಾಳದ ಕೊಕ್ಕೆಗಳು, ದಾರದ ತುಂಡುಗಳು. ಇಂಥದ್ದರಿಂದಲೇ ಸತ್ತಿತು ಅಂತ ಒಂದನ್ನೇ ಬೊಟ್ಟುಮಾಡಿ ಹೇಳಲು ವೈದ್ಯರಿಗೂ ಆಗಲಿಲ್ಲ. ಒಂದೇ ಆಗಿದ್ದರೆ ತಾನೇ?

ಡಾಲ್ಫಿನ್ ಮೀನನ್ನು ಅಗಿಯುವುದಿಲ್ಲ, ಸಾಮಾನ್ಯವಾಗಿ ಇಡಿಯಾಗಿ ನುಂಗುತ್ತದೆ. ಉಸಿರಿನ ಕೊಳವೆಯ ತುದಿ ಅದರ ಗಂಟಲಿನಲ್ಲಿ ಹೆಬ್ಬಾತಿನ ಕೊಕ್ಕಿನ ಹಾಗೆ ಮೇಲಕ್ಕೆ ಚಾಚಿಕೊಂಡಿರುತ್ತದೆ. ನಿನ್ನ ಮೀನಿನ ಜೊತೆ ದಾರವೂ ಒಳಗೆ ಹೋದರೆ ಕೆಲವೊಮ್ಮೆ ಆ ಕೊಕ್ಕಿಗೇ ಸುತ್ತಿಕೊಳ್ಳುತ್ತದೆ. ನುಂಗಿದಂತೆಲ್ಲ ಬಿಗಿಯುತ್ತದೆ. ಹೊಟ್ಟೆಗೂ ಇಲ್ಲ, ಉಸಿರಿಗೂ ಇಲ್ಲ. ಕಡಿದು ಬಿಸಾಡಿದ ಒಂದು ಮಾರು ನೈಲಾನ್ ದಾರಕ್ಕೆ ಅಷ್ಟು ಶಕ್ತಿ.

ಇನ್ನು ಕಲಿಕೆಯ ಮಾತು. ಸರಸೋಟಾ ಕೊಲ್ಲಿಯ ಡಾಲ್ಫಿನ್‌ಗಳನ್ನು 1970ರಿಂದ ಒಂದೊಂದಾಗಿ ಗುರುತು ಹಿಡಿದು ನೋಡುತ್ತಾ ಬಂದಿದ್ದಾರೆ, ರ‍್ಯಾಂಡಲ್ ವೆಲ್ಸ್ ಮತ್ತು ಅವರ ಜೊತೆಯವರು. ಮರಿ ಮೂರು ವರ್ಷ, ಕೆಲವೊಮ್ಮೆ ಐದಾರು ವರ್ಷ ತಾಯಿಯ ಬೆನ್ನಿಗೇ ಇರುತ್ತದೆ. ಹೆಣ್ಣು ಅರವತ್ತು ದಾಟಿ ಬದುಕಿದ್ದೂ ಉಂಟು. ಅಂದರೆ ನೀನು ಒಂದಕ್ಕೆ ಕಲಿಸಿದ ದುರಭ್ಯಾಸಕ್ಕೆ ನಿನಗಿಂತ ದೀರ್ಘಾಯುಸ್ಸು. ತಿನ್ನಿಸಿಕೊಂಡು ರೂಢಿಯಾದ ಡಾಲ್ಫಿನ್‌ಗಳಿಗೆ ಮನುಷ್ಯರಿಂದ ಗಾಯವಾಗುವ ಅಪಾಯ ಹೆಚ್ಚು ಎಂಬುದು ಅವರ ಹತ್ತಾರು ವರ್ಷಗಳ ದಾಖಲೆಯಿಂದಲೇ ಹೊರಟಿತು. ಬೇಡುವ ಡಾಲ್ಫಿನ್ನಿನ ಒಡನಾಡಿಗಳೂ ಬೇಡಲು ಕಲಿಯುತ್ತವೆ. 2005ರಲ್ಲಿ ಆ ಕಡೆ ಕೆಂಪು ಪಾಚಿಯ ವಿಷ ಹರಡಿ ಮೀನೆಲ್ಲ ಸತ್ತು, ಹಸಿದ ಡಾಲ್ಫಿನ್‌ಗಳು ಮಾರನೆಯ ವರ್ಷ ಗಾಳದವರ ಹಿಂದೆ ಬಿದ್ದವು. ಗಾಳ ನುಂಗಿ ಸತ್ತವೂ ಅದೇ ವರ್ಷ ಹೆಚ್ಚು.

ಈಗ ನಮ್ಮ ಗಾಳದವರ ನಷ್ಟಕ್ಕೆ ಬರುತ್ತೇನೆ, ಯಾಕೆಂದರೆ ನಿನಗೆ ಅದೇ ನಾಟುವುದು. ದೋಣಿಯ ಸದ್ದೇ ಊಟದ ಗಂಟೆಯಾದ ಮೇಲೆ ಡಾಲ್ಫಿನ್ ಇಂಥವನ ದೋಣಿ ಅಂತ ನೋಡುವುದಿಲ್ಲ. ನಿನ್ನ ಹಿಂದೆ ಬರುವ, ಮೊಮ್ಮಗನಿಗೆ ಮೊದಲ ಮೀನು ಹಿಡಿಸಲು ಬಂದ ಮುದುಕನ ರೆಡ್‌ಫಿಶ್ಶೂ ಹೋಗುತ್ತದೆ. ನಮ್ಮ ಅಂಜಲಿನ ದಾಯಾದಿ ಸ್ಪ್ಯಾನಿಷ್ ಮ್ಯಾಕರೆಲ್ ಕೂಡ ಹೋಗುತ್ತದೆ. ಡಾಲ್ಫಿನ್ನಿನ ಗಾಬರಿಗೆ ಉಳಿದ ಮೀನೂ ಚದುರುತ್ತದೆ. ಸಿಟ್ಟು ನೆತ್ತಿಗೇರಿ ಡಾಲ್ಫಿನ್‌ಗೆ ಗುಂಡು ಹೊಡೆದು ಕೋರ್ಟು ಹತ್ತಿದವರೂ ಈ ಫ್ಲೋರಿಡಾದಲ್ಲೇ ಇದ್ದಾರೆ. ಆ ಬಂದೂಕಿನ ಹಿಂದೆ ಯಾರೋ ಪ್ರೀತಿಯಿಂದ ಎಸೆದ ಬೂತಾಯಿ ಇರುತ್ತದೆ.

ನನಗೆ ತಡವಾಗಿ ತಿಳಿದದ್ದು ಇನ್ನೊಂದು. ಕೈಯಾರೆ ಎಸೆದರೆ ಮಾತ್ರ ತಿನ್ನಿಸಿದ ಹಾಗಲ್ಲ. ಅಳತೆಗೆ ಸಾಲದ ರೆಡ್ ಸ್ನ್ಯಾಪರನ್ನು ನೀನು ನಿಯಮ ಪಾಲಿಸಿ ನೀರಿಗೆ ಬಿಡುತ್ತೀಯಲ್ಲ? ಆಳದಿಂದ ಸರಕ್ಕನೆ ಎಳೆದಾಗ ಅದರ ಗಾಳಿಚೀಲ ಉಬ್ಬಿರುತ್ತದೆ. ಕೆಳಗಿಳಿಯಲಾಗದೆ ಅಂಗಾತ ತೇಲುತ್ತದೆ. ಪಕ್ಕದಲ್ಲೇ ಡಾಲ್ಫಿನ್ ಇದ್ದರೆ ನೀನು ಬಿಟ್ಟದ್ದು ಬಡಿಸಿದ ಹಾಗೆಯೇ. ಮೀನನ್ನು ಹಿಡಿದು ಆಳಕ್ಕೆ ಇಳಿಸಿ ಬಿಡುವ ಭಾರದ ಸಲಕರಣೆಯೋ, ಗಾಳಿ ಬಿಡುವ ಸೂಜಿಯೋ ದೋಣಿಯಲ್ಲಿ ಸಿದ್ಧವಿರಬೇಕೆಂದು 2022ರ ಜನವರಿಯಿಂದ ಇಲ್ಲಿ ನಿಯಮ ಬಂತು. ನಿಯಮದ ಮಾತು ಹಾಗಿರಲಿ, ನಾನು ಇಟ್ಟುಕೊಂಡೇ ಇದ್ದೇನೆ. ಡಾಲ್ಫಿನ್ ಬಂತೋ, ದಾರ ಸುತ್ತು, ಜಾಗ ಬದಲಿಸು, ಅಥವಾ ಅದು ಹೋಗುವವರೆಗೆ ಫ್ಲಾಸ್ಕಿನ ಚಹಾ ಕುಡಿ. ಉಳಿದ ಎರೆಯನ್ನೂ, ಮೀನು ಕೊಯ್ದ ಮೇಲಿನ ತಲೆ-ಕರುಳನ್ನೂ ಧಕ್ಕೆಯಲ್ಲಿ ನೀರಿಗೆ ಸುರಿಯಬೇಡ. ಕೊಕ್ಕೆ ಕೊಳ್ಳುವಾಗ ತುಕ್ಕು ಹಿಡಿದು ಸವೆಯುವಂಥದ್ದೇ ಕೊಳ್ಳು, ಸ್ಟೇನ್‌ಲೆಸ್ ಬೇಡ.

ಮೀನು ಬಿಟ್ಟುಕೊಟ್ಟು ಡಾಲ್ಫಿನ್ ಜೊತೆ ಸ್ನೇಹ ಮಾಡಬೇಕಂತಿಲ್ಲ. ಬ್ರೆಜಿಲ್‌ನ ಲಗೂನಾದಲ್ಲಿ ಬೀಸುಬಲೆಯವರು ಸೊಂಟದ ಮಟ್ಟದ ನೀರಿನಲ್ಲಿ ಕಾಯುತ್ತಾರೆ. ಡಾಲ್ಫಿನ್‌ಗಳು ಮಲೆಟ್ ಮೀನಿನ ಹಿಂಡನ್ನು ದಡದ ಕಡೆ ಅಟ್ಟುತ್ತವೆ, ಅವು ಸನ್ನೆ ಕೊಟ್ಟಾಗ ಇವರು ಬಲೆ ಬೀಸುತ್ತಾರೆ. ಚೆದುರಿದ ಮೀನನ್ನು ಅವು ತಾವೇ ಹಿಡಿಯುತ್ತವೆ. ಯಾರೂ ಯಾರ ಕೈ ನೋಡುವುದಿಲ್ಲ. ಕಾರವಾರದ ಕಾಳಿ ನದಿಯ ಮುಖದಲ್ಲಿ ಈಜುವ ನಮ್ಮ ಡಾಲ್ಫಿನ್‌ಗಳಿಗೂ ಇಷ್ಟು ಮರ್ಯಾದೆ ಉಳಿಯಲಿ ಅಂತ ನನ್ನ ಆಸೆ. ಪ್ರವಾಸಿ ದೋಣಿಗಳ ಕಾಲ ಅಲ್ಲೂ ಬಂದಾಯಿತಲ್ಲ.

ಕಾನೂನಿನ ಮಾತು ಕೊನೆಗೆ ಇಟ್ಟೆ, ಹೆದರಿಸಿ ಬುದ್ಧಿ ಹೇಳುವುದು ನನಗೆ ಸೇರದು. ಇಲ್ಲಿನ ಸಾಗರ ಸಸ್ತನಿ ರಕ್ಷಣಾ ಕಾಯ್ದೆ 1972ರದ್ದು, ಕಾಡು ಡಾಲ್ಫಿನ್‌ಗೆ ತಿನ್ನಿಸಕೂಡದು ಎಂಬ ನಿಯಮ ಸೇರಿದ್ದು 1991ರಲ್ಲಿ. ದಂಡ ಒಂದು ಲಕ್ಷ ಡಾಲರಿನವರೆಗೆ, ಜೈಲು ಒಂದು ವರ್ಷದವರೆಗೆ ಆಗಬಹುದು. ನಮ್ಮ ದೇಶದ ವನ್ಯಜೀವಿ ಕಾಯ್ದೆಯೂ ಅದೇ 1972ರದ್ದು, ಡಾಲ್ಫಿನ್ ಅಲ್ಲೂ ಮೊದಲ ಅನುಸೂಚಿಯಲ್ಲಿದೆ. ನಿನ್ನ ವೀಸಾದ ಕಡತಕ್ಕೆ ಒಂದು ಬೂತಾಯಿಯ ಕೇಸು ಸೇರುವುದು ಯಾಕೆ ಹೇಳು.

ಬರುವ ಶನಿವಾರ ಬೆಳಿಗ್ಗೆ ಆರಕ್ಕೆ ಬಾ. ಗೆಳೆಯರನ್ನೂ ಕರೆದುಕೊಂಡು ಬಾ, ಜಾಗ ಉಂಟು. ಎರೆಗೆ ಮುಚ್ಚಳ ಇರುವ ಬಕೆಟ್ ತಾ.